ನಿಮಗಿದು ಗೊತ್ತೇ? ಅಮೆರಿಕದ ದಂಗೆಯಿಂದ ಧಾರವಾಡದ ಕಿಲ್ಲೆಗೆ

ಕೆಲಗೇರಿಯ ಪಕ್ಕದ ಧಾರವಾಡ ಕಿಲ್ಲೆ ಪೇಶ್ವೆಯ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ್ದು 1817ರಲ್ಲಿ. ಆ ವರ್ಷ ಜೂನ್‌ನಲ್ಲಿ ಪುಣೆಯಲ್ಲಾದ ಒಪ್ಪಂದದ ಪ್ರಕಾರ ಪೇಶ್ವೆ ಧಾರವಾಡವನ್ನೂ ಕುಸುಗಲ್ಲನ್ನೂ ಬಿಟ್ಟುಕೊಟ್ಟ. ಹೊಸ ಸೀಮೆಯನ್ನು ವಶಕ್ಕೆ ಪಡೆಯಲು ಬಂದ ಅಧಿಕಾರಿ ಥಾಮಸ್ ಮನ್ರೋ. ಸಿಪಾಯಿಯಾಗಿ ಬಂದು ಕಲೆಕ್ಟರ್ ಆದವನು, ಮುಂದೆ ಮದ್ರಾಸಿನ ಗವರ್ನರ್ ಆದವನು.

ಈತನನ್ನು ನಮ್ಮ ನೆಲಕ್ಕೆ ತಳ್ಳಿದ್ದು ಅಮೆರಿಕದ ಸ್ವಾತಂತ್ರ್ಯ ಯುದ್ಧ! ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1761ರಲ್ಲಿ ಹುಟ್ಟಿದ ಮನ್ರೋನ ತಂದೆ ವರ್ಜೀನಿಯಾದ ಜೊತೆ ವ್ಯಾಪಾರ ನಡೆಸುತ್ತಿದ್ದ. ಅಮೆರಿಕದ ವಸಾಹತುಗಳು ಬಂಡೆದ್ದವು, ವ್ಯಾಪಾರ ಮುಳುಗಿತು, ಮನೆತನ ದಿವಾಳಿಯಾಯಿತು. ಮಗ ಹಡಗು ಹತ್ತಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಡಾನ್ ಕ್ವಿಕ್ಸೋಟ್ ಕಾದಂಬರಿಯನ್ನು ಮೂಲದಲ್ಲೇ ಓದಬೇಕೆಂದು ಸ್ಪ್ಯಾನಿಷ್ ಕಲಿತಿದ್ದ ಹುಡುಗನಿಗೆ ಇಲ್ಲಿ ಸಿಕ್ಕಿದ್ದು ಕಾಲಾಳು ಪಡೆಯ ಕೆಡೆಟ್ ಕೆಲಸ.

ಮನ್ರೋ ಧಾರವಾಡಕ್ಕೆ ಬಂದ 1817ರಲ್ಲೇ ಅಮೆರಿಕದಲ್ಲಿ ಇನ್ನೊಬ್ಬ ಮನ್ರೋ ಅಧ್ಯಕ್ಷನಾದ. ಆತ ಜೇಮ್ಸ್ ಮನ್ರೋ. ಹುಟ್ಟಿದ್ದು ಅದೇ ವರ್ಜೀನಿಯಾದಲ್ಲಿ, ಮೂರು ವರ್ಷ ಮೊದಲು. ಆತನೂ ಸೈನಿಕನಾಗಿಯೇ ಹೊರಟವನು. 1776ರ ಟ್ರೆಂಟನ್ ಕಾಳಗದಲ್ಲಿ ಗಾಯಗೊಂಡು ಬದುಕಿ ಉಳಿದು ರಾಜಕೀಯಕ್ಕೆ ಬಂದ. ಅಮೆರಿಕದ ದಂಗೆ ಒಬ್ಬನನ್ನು ನಾಯಕನನ್ನಾಗಿ ಮಾಡಿತು, ಇನ್ನೊಬ್ಬನನ್ನು ಊರು ಬಿಡಿಸಿತು.

ಆ ದಂಗೆಯಲ್ಲಿ ಮೈಸೂರಿನ ಹೈದರಾಲಿಯ ಹೆಸರಿನ ಹಡಗೊಂದು ಅಮೆರಿಕದ ಪರವಾಗಿ ಕಾದಿದೆ! 1782ರಲ್ಲಿ ಪೆನ್ಸಿಲ್ವೇನಿಯಾದವರ ‘ಹೈದರ್ ಅಲಿ’ ಹಡಗು, ಜೋಶುವಾ ಬಾರ್ನಿಯ ನಾಯಕತ್ವದಲ್ಲಿ, ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಅದೇ ಹೊತ್ತಿಗೆ ಯುವಕ ಥಾಮಸ್ ಮನ್ರೋ ಇಲ್ಲಿ ಹೈದರನ ಸೈನ್ಯದ ಎದುರಿಗಿದ್ದ.

ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಸೋತು ಶರಣಾದ ಕಾರ್ನ್‌ವಾಲಿಸ್ ಹತ್ತು ವರ್ಷಗಳ ನಂತರ ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಟಿಪ್ಪುವಿನ ವಿರುದ್ಧದ ಆ ಯುದ್ಧದಲ್ಲಿ ಮನ್ರೋ ಅವನ ಕೈಕೆಳಗಿದ್ದ.

ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಮನ್ರೋನನ್ನು ಕೆನರಾ ಜಿಲ್ಲೆಗೆ, ಅಂದರೆ ನಮ್ಮ ಕರಾವಳಿಗೆ, ಕಲೆಕ್ಟರಾಗಿ ಕಳಿಸಿದರು. ಮರುವರ್ಷವೇ ಬಳ್ಳಾರಿ, ಅನಂತಪುರ, ಕಡಪದ ಸೀಮೆಗೆ ವರ್ಗ; ಅಲ್ಲಿ ಏಳು ವರ್ಷ. ಜಮೀನ್ದಾರನನ್ನು ನಡುವೆ ನಿಲ್ಲಿಸದೆ ಸರ್ಕಾರ ನೇರವಾಗಿ ರೈತನ ಹೆಸರಿಗೇ ಕಂದಾಯ ನಿಗದಿ ಮಾಡುವ ರೈತವಾರಿ ಪದ್ಧತಿ ಬೇರೂರಿದ್ದು ಅಲ್ಲೇ. ಇವತ್ತು ಕೆಲಗೇರಿಯ ರೈತರು ಉತಾರದಲ್ಲಿ ತಮ್ಮ ಹೆಸರು ಹುಡುಕುವಾಗ ಆ ವಿಚಾರದ ಎಳೆಯೊಂದು ಅದರಲ್ಲಿದೆ. ಕಂದಾಯ ಹಗುರವಾಗಿತ್ತೆಂದು ಮಾತ್ರ ತಿಳಿಯಬೇಡಿ. ಕಾಲುಭಾಗ ಇಳಿಸಿರೆಂದು ಸ್ವತಃ ಮನ್ರೋ 1807ರಲ್ಲಿ ಬರೆದ, ಮೇಲಿನವರು ಒಪ್ಪಲಿಲ್ಲ. ತಾನೇ ಗವರ್ನರ್ ಆದ ಮೇಲೆ, 1820ರಲ್ಲಿ, ಇಳಿಸಿದ. ಅಷ್ಟು ವರ್ಷ ಆ ಭಾರ ಹೊತ್ತವರು ನಮ್ಮ ರೈತರು.

ಈಗ ಧಾರವಾಡದ ಯುದ್ಧಕ್ಕೆ ಬನ್ನಿ. 1817ರ ನವೆಂಬರ್‌ನಲ್ಲಿ ಪೇಶ್ವೆ ಒಪ್ಪಂದ ಮುರಿದು ಯುದ್ಧಕ್ಕಿಳಿದಾಗ ಮನ್ರೋನ ಬಳಿ ಇದ್ದದ್ದು ಐದಾರು ನೂರು ಸಿಪಾಯಿಗಳು. ಸೈನ್ಯ ಕಳಿಸಿರೆಂದು ಕೇಳುತ್ತ ಕೂರುವ ಬದಲು ಆತ ಊರೂರಿನ ಪೇದೆಗಳನ್ನೇ ಒಟ್ಟುಗೂಡಿಸಿದ. ಇನ್ನೂ ಪೇಶ್ವೆಯ ಕೈಯಲ್ಲೇ ಇದ್ದ ತಾಲ್ಲೂಕುಗಳಿಗೂ ಮೊದಲೇ ಅಮಲ್ದಾರರನ್ನು ನೇಮಿಸಿ, ಅವರ ಕೈಗೆ ಪೇದೆಗಳನ್ನು ಕೊಟ್ಟು, ಹೋಗಿ ಹಿಡಿದುಕೊಳ್ಳಿ ಎಂದ! ಹೀಗೆ ನವಲಗುಂದದ ಕಡೆ ಹೋದ ರಾಮರಾವ್ ಎಂಬ ಅಮಲ್ದಾರ ಆ ಸೀಮೆಯಲ್ಲಿ ಹಳ್ಳಿ ಹಳ್ಳಿಯನ್ನೇ ವಶಮಾಡಿಕೊಂಡ. 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ; ಫೆಬ್ರುವರಿಯಲ್ಲಿ ಬಾದಾಮಿ; ಏಪ್ರಿಲ್‌ನಲ್ಲಿ ಬೆಳಗಾವಿ; ಮೇನಲ್ಲಿ ಸೊಲ್ಲಾಪುರ. ಲಂಡನ್ನಿನ ಸಂಸತ್ತಿನಲ್ಲಿ ಮಂತ್ರಿ ಕ್ಯಾನಿಂಗ್ ಎದ್ದು ನಿಂತು ಮನ್ರೋನನ್ನು ಹೊಗಳಿದ. ಆ ಗೆಲುವು ಯಾರ ಮೈಬೆವರಿನದೆಂದು ನಾವು ಮರೆಯಬಾರದು. ಕನ್ನಡ ಸೀಮೆಯ ಪೇದೆಗಳೇ ಕನ್ನಡ ಸೀಮೆಯನ್ನು ಕಂಪನಿಗೆ ಗೆದ್ದುಕೊಟ್ಟರು. ಪೇಶ್ವೆಯ ಆಳ್ವಿಕೆಯಿಂದ ಇಲ್ಲಿಯ ಜನ ಅಷ್ಟು ಬೇಸತ್ತಿದ್ದರು ಎಂಬುದೂ ಅಷ್ಟೇ ನಿಜ.

ಬೆಳಗಾವಿಯ ಮುತ್ತಿಗೆಯಲ್ಲಿ ಮನ್ರೋನಿಗೆ ನೆರವಾದವರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನೂ ಒಬ್ಬ. ಅದಕ್ಕೆ ಪ್ರತಿಯಾಗಿ ಕಿತ್ತೂರು ಅವನಿಗೇ ಉಳಿಯಿತು, ಸನದೂ ಸಿಕ್ಕಿತು. ಆರೇ ವರ್ಷ! 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ತೀರಿಕೊಂಡ ಕೂಡಲೆ ಅವನ ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಭಂಡಾರಕ್ಕೆ ಕೈಹಾಕಲು ಹೋಗಿ ಅಕ್ಟೋಬರ್ 23ರಂದು ಹತನಾದ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಈತ ಚಿಕ್ಕಪ್ಪ. ಡಿಸೆಂಬರ್‌ನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿದು ರಾಣಿ ಚೆನ್ನಮ್ಮನನ್ನು ಸೆರೆಗೆ ಒಯ್ದಿತು. ಆ ಕಾಳಗದಲ್ಲಿ ಸತ್ತ ಸಬ್‌ಕಲೆಕ್ಟರ್ ಮನ್ರೋ, ಮದ್ರಾಸಿನಲ್ಲಿ ಗವರ್ನರಾಗಿದ್ದ ನಮ್ಮ ಥಾಮಸ್ ಮನ್ರೋನ ಸ್ವಂತ ಬಂಧು. ಒಪ್ಪಿದ ಸನದಿಗೆ ಕಂಪನಿ ಬದ್ಧವಾಗಿದ್ದರೆ ಎರಡೂ ಕಡೆಯ ಅಷ್ಟು ಜೀವಗಳು ಉಳಿಯುತ್ತಿದ್ದವು ಎಂದೇ ನನ್ನ ನಂಬಿಕೆ.

ಕೋಟೆ ಬಿದ್ದ ಆ ಡಿಸೆಂಬರಿನ ಕೊನೆಯ ದಿನ, 31ರಂದು, ಮನ್ರೋ ಮದ್ರಾಸಿನಲ್ಲಿ ಒಂದು ದೀರ್ಘ ಟಿಪ್ಪಣಿ ಬರೆದ. ಹಿಂದುಸ್ತಾನದ ಜನಕ್ಕೆ ದೊಡ್ಡ ಹುದ್ದೆಗಳನ್ನು ಕೊಡಬೇಕು, ತಮ್ಮನ್ನು ತಾವೇ ಆಳಿಕೊಳ್ಳುವಷ್ಟು ಅವರು ಬೆಳೆದ ದಿನ ನಾವು ಹೊರಡುವುದೇ ಸರಿ ಎಂಬುದು ಅದರ ಸಾರ. ಹೊರಡಲು ಅವರಿಗೆ ಇನ್ನೂ 122 ವರ್ಷ ಬೇಕಾಯಿತು.

ರಾಯಲಸೀಮೆಯಲ್ಲಿ ಆತನ ನೆನಪಿಗೆ ಮಕ್ಕಳಿಗೆ ಮುನ್ರೋಲಪ್ಪ ಎಂದು ಹೆಸರಿಡುತ್ತಿದ್ದರು. ಮಂತ್ರಾಲಯದ ಬೃಂದಾವನದೆದುರು ರಾಘವೇಂದ್ರಸ್ವಾಮಿಗಳು ಆತನೊಡನೆ ಮಾತಾಡಿದರೆಂಬ ನಂಬಿಕೆ ಭಕ್ತರಲ್ಲಿ ಇಂದಿಗೂ ಇದೆ. 1827ರ ಜುಲೈ 6ರಂದು, ಹಳೆಯ ಜಿಲ್ಲೆಗಳನ್ನು ಕೊನೆಯ ಸಲ ನೋಡಲು ಹೊರಟಿದ್ದಾಗ, ಪತ್ತಿಕೊಂಡದಲ್ಲಿ ಮನ್ರೋ ಕಾಲರಾದಿಂದ ಸತ್ತ.

ನನ್ನ ಮಟ್ಟಿಗೆ ಆತ ಬಿಟ್ಟುಹೋದದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಲೆಕ್ಕ. ಪ್ರತಿ ಜಿಲ್ಲೆಯ ಊರ ಶಾಲೆಗಳನ್ನು ಎಣಿಸಿ ಕಳಿಸಿರೆಂದು 1822ರಲ್ಲಿ ಮನ್ರೋ ಆಜ್ಞೆ ಮಾಡಿದ. ಇಡೀ ಮದ್ರಾಸ್ ಪ್ರಾಂತದಲ್ಲಿ ಸಿಕ್ಕಿದ್ದು 12,498 ಶಾಲೆ. ಬಳ್ಳಾರಿ ಜಿಲ್ಲೆಯಿಂದ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕೊಟ್ಟ ಪಟ್ಟಿಯಲ್ಲಿ 533 ಶಾಲೆಗಳಿವೆ: ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಫಾರ್ಸಿ 21, ತಮಿಳು 4. ಇಂಗ್ಲಿಷಿನದು ಒಂದೇ ಒಂದು! ಕಂಪನಿ ಬರುವ ಮೊದಲು ನಮ್ಮಲ್ಲಿ ಓದುಬರಹವೇ ಇರಲಿಲ್ಲ ಎನ್ನುವವರಿಗೆ ಈ ಪಟ್ಟಿ ತೋರಿಸಬೇಕು. ಇದ್ದ ಶಾಲೆಗಳು ಮುಚ್ಚುತ್ತಿವೆ ಎಂದು ಅದೇ ಕ್ಯಾಂಬೆಲ್ ಬರೆದಿದ್ದಾನೆ. ಯುರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಕಸುಬು ಹಾಳಾಗಿದೆ, ಬಡತನದಿಂದ ತಂದೆ-ತಾಯಿಗಳಿಗೆ ಮಕ್ಕಳನ್ನು ಓದಿಸಲು ಆಗುತ್ತಿಲ್ಲ ಎಂದು ಅದಕ್ಕೆ ಕಾರಣವನ್ನೂ ಮುಚ್ಚುಮರೆಯಿಲ್ಲದೆ ದಾಖಲಿಸಿದ.