ಪ್ರೇಕ್ಷಕರು ತಡವಾಗಿ ಬಂದ ಸಿನಿಮಾ

2014ರ ಮಾರ್ಚ್ 28ರಂದು ‘ಉಳಿದವರು ಕಂಡಂತೆ’ ತೆರೆಗೆ ಬಂದಾಗ ನೋಡಿದವರು ಎರಡು ಬಣವಾದರು. ‘ತಲೆಬುಡ ಅರ್ಥ ಆಗ್ಲಿಲ್ಲ, ಸಿಕ್ಕಾಪಟ್ಟೆ ಸ್ಲೋ’ ಎಂದವರು ಒಂದು ಕಡೆ; ಕನ್ನಡದಲ್ಲಿ ಇಂಥದ್ದು ಬಂದೇ ಇರಲಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವರು ಇನ್ನೊಂದು ಕಡೆ. ಮೊದಲನೇ ಬಣವೇ ದೊಡ್ಡದಿತ್ತು. ವಿಮರ್ಶಕರು ಛಾಯಾಗ್ರಹಣ, ಸಂಗೀತ, ನಟನೆಯನ್ನು ಮೆಚ್ಚಿದರು. ನಿಧಾನಗತಿಗೂ ಗೋಜಲು ನಿರೂಪಣೆಗೂ ಅಂಕ ಕಳೆದರು. ರಕ್ಷಿತ್ ಶೆಟ್ಟಿ ನಿರ್ದೇಶಕರಾಗಿ ಮಾಡಿದ ಈ ಮೊದಲ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ದೊಡ್ಡ ಸದ್ದು ಮಾಡಲಿಲ್ಲ.

ಆದರೆ ಇವತ್ತು ಕರಾವಳಿಯ ಸಿನಿಮಾಗಳ ಬಗ್ಗೆ ಯಾರೇ ಮಾತು ತೆಗೆದರೂ ಈ ಚಿತ್ರದ ಹೆಸರು ಮೊದಲು ಬರುತ್ತದೆ. ಹತ್ತು ವರ್ಷ ದಾಟಿದ ಮೇಲೂ ಹೊಸಬರು ಇದನ್ನು ಹುಡುಕಿಕೊಂಡು ನೋಡುತ್ತಿದ್ದಾರೆ. ಥಿಯೇಟರಿನಲ್ಲಿ ಕೈಕೊಟ್ಟ ಪ್ರೇಕ್ಷಕರು ಆಮೇಲೆ ಯಾಕೆ ಬಂದರು ಎಂಬ ಪ್ರಶ್ನೆಗೆ ಉತ್ತರ ಚಿತ್ರದ ಒಳಗೇ ಇದೆ. ಅಂದು ಜನರನ್ನು ದೂರ ಇಟ್ಟ ಗುಣಗಳೇ ಅದನ್ನು ಇಷ್ಟು ಕಾಲ ಉಳಿಸಿವೆ.

ಅಷ್ಟಮಿಯ ಮಲ್ಪೆ

ಕಥೆ ನಡೆಯುವುದು ಉಡುಪಿಯ ಪಕ್ಕದ ಮಲ್ಪೆಯಲ್ಲಿ, ಕೃಷ್ಣ ಜನ್ಮಾಷ್ಟಮಿಯ ಆಸುಪಾಸಿನಲ್ಲಿ. ಕಾಲದ ಈ ಆಯ್ಕೆಯಲ್ಲೇ ನಿರ್ದೇಶಕರ ಊರ ತಿಳಿವಳಿಕೆ ಕಾಣುತ್ತದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ಬಂದರಿನಲ್ಲಿ ಲಂಗರು ಹಾಕಿದ್ದ ಬೋಟುಗಳು ಮತ್ತೆ ಕಡಲಿಗೆ ಇಳಿದು, ಕೈಯಲ್ಲಿ ನಾಲ್ಕು ಕಾಸು ಓಡಾಡಲು ಶುರುವಾಗುವ ಕಾಲ ಅದು. ಅಷ್ಟಮಿಯ ಮಾರನೇ ದಿನ ವಿಟ್ಲಪಿಂಡಿ. ಉಡುಪಿಯ ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆಯುತ್ತಾರೆ. ಕೇರಿಕೇರಿಗಳಿಂದ ಹುಲಿವೇಷದ ತಂಡಗಳು ಹೊರಡುತ್ತವೆ. ಬಣ್ಣ ಬಳಿದುಕೊಂಡವರೇ ಬೀದಿ ತುಂಬ ಓಡಾಡುವ, ತಾಸೆ ವಾದ್ಯದ ಸದ್ದಿನಲ್ಲಿ ಬೇರೆ ಯಾವ ಸದ್ದೂ ಕೇಳಿಸದ ಇಂಥ ದಿನಗಳಲ್ಲಿ ಒಂದು ಅಪರಾಧ ಹೇಗೆ ಹೆಣೆದುಕೊಳ್ಳುತ್ತದೆ ಎಂಬುದೇ ಚಿತ್ರದ ವಸ್ತು.

ಆ ಅಪರಾಧದ ಸುತ್ತ ಇರುವವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವ ಜನ. ಬಾಲ್ಯದಲ್ಲೇ ರಿಮ್ಯಾಂಡ್ ಹೋಂ ಕಂಡು ಬಂದ ರಿಚ್ಚಿ (ರಕ್ಷಿತ್ ಶೆಟ್ಟಿ). ಊರು ಬಿಟ್ಟು ಮುಂಬೈ ಸೇರಿ, ವರ್ಷಗಳ ಮೇಲೆ ಮರಳಿದ ರಾಘು (ರಿಷಬ್ ಶೆಟ್ಟಿ). ಅವನ ದಾರಿ ಕಾಯುತ್ತಲೇ ಬದುಕು ಸವೆಸಿದ ತಾಯಿ ರತ್ನಕ್ಕ (ತಾರಾ). ಮೀನಿನ ದಂಧೆಯ ಸುತ್ತಲೇ ಬದುಕುವ ಬಾಲು (ಅಚ್ಯುತ್ ಕುಮಾರ್). ಮಾತು ಕಡಿಮೆ ಆಡುವ, ಮೆಚ್ಚಿದವಳನ್ನು ದೂರದಿಂದಲೇ ನೋಡಿಕೊಂಡಿರುವ ಮುನ್ನ (ಕಿಶೋರ್). ರಿಚ್ಚಿಯ ಹಿಂದೆ ಮುಂದೆ ಸುಳಿಯುವ ಡೆಮಾಕ್ರಸಿ ಎಂಬ ಹುಡುಗ. ಇವರೆಲ್ಲರ ಎಳೆಗಳನ್ನು ಒಂದೊಂದಾಗಿ ಹೆಕ್ಕುವವಳು ರೆಜಿನಾ ಎಂಬ ಪತ್ರಕರ್ತೆ (ಶೀತಲ್ ಶೆಟ್ಟಿ).

ಚಿತ್ರವನ್ನು ಅಧ್ಯಾಯಗಳಾಗಿ ವಿಂಗಡಿಸಲಾಗಿದೆ. ಅದೇ ಘಟನೆಗಳು ಪ್ರತಿ ಅಧ್ಯಾಯದಲ್ಲೂ ಬೇರೆ ಬೇರೆಯವರ ಕಡೆಯಿಂದ ತೆರೆದುಕೊಳ್ಳುತ್ತವೆ. ಹಾಗಾಗಿ ಅಕಿರಾ ಕುರೊಸಾವಾ ಅವರ 1950ರ ‘ರಶೋಮನ್’ ಜತೆ ಇದನ್ನು ಹೋಲಿಸುವುದು ವಾಡಿಕೆ. ಆದರೆ ಆ ಹೋಲಿಕೆ ಒಂದು ಮಟ್ಟದವರೆಗೆ ಮಾತ್ರ ಸರಿ. ‘ರಶೋಮನ್’ನಲ್ಲಿ ಒಬ್ಬೊಬ್ಬರ ಹೇಳಿಕೆಯೂ ಇನ್ನೊಬ್ಬರದನ್ನು ಸುಳ್ಳು ಮಾಡುತ್ತದೆ, ಪ್ರತಿಯೊಬ್ಬರೂ ತಮ್ಮ ಮಾನ ಕಾಯುವಂತೆ ಕಥೆಯನ್ನು ತಿರುಚುತ್ತಾರೆ. ಮಲ್ಪೆಯ ಈ ಜನ ಸುಳ್ಳು ಹೇಳುತ್ತಿಲ್ಲ. ತಂತಮ್ಮ ಅಂಗಳದಿಂದ ಎಷ್ಟು ಕಂಡಿತೋ ಅಷ್ಟೇ ಅವರಿಗೆ ಗೊತ್ತು. ಒಂದೇ ಬೀದಿಯಲ್ಲಿದ್ದೂ ಪಕ್ಕದ ಮನೆಯ ಅರ್ಧ ಸತ್ಯ ತಿಳಿಯದೇ ಹೋಗುವುದು ನಮ್ಮೆಲ್ಲರ ಅನುಭವ. ಕೇರಿಯಲ್ಲೊಂದು ಕೊಲೆ ನಡೆದರೆ ಪೊಲೀಸರ ಎಫ್‌ಐಆರ್ ಹೇಳುವುದಕ್ಕೂ, ಕಟ್ಟೆಯ ಮೇಲೆ ಕೂತವರು ಹೇಳುವುದಕ್ಕೂ, ಸತ್ತವನ ತಾಯಿ ಹೇಳುವುದಕ್ಕೂ ನಡುವೆ ಇರುವ ಅಂತರವನ್ನು ಈ ಚಿತ್ರ ಹಿಡಿದಷ್ಟು ಚೆನ್ನಾಗಿ ಬೇರೆ ಕನ್ನಡ ಸಿನಿಮಾ ಹಿಡಿದಿದ್ದನ್ನು ನಾನು ಕಂಡಿಲ್ಲ.

ತಾಸೆಯ ಪೆಟ್ಟು, ಕಡಲಿನ ಸದ್ದು

ಹುಲಿವೇಷ ಹಾಕುವುದನ್ನು ಹತ್ತಿರದಿಂದ ನೋಡಿದವರಿಗೆ ಅದರ ಕಷ್ಟ ಗೊತ್ತು. ಮೈಗೆಲ್ಲ ಹಳದಿ ಬಳಿಸಿಕೊಂಡು, ಅದು ಒಣಗುವವರೆಗೆ ಅಡ್ಡಕ್ಕೆ ಕಟ್ಟಿದ ಕೋಲು ಹಿಡಿದು ಕೈ ಚಾಚಿ ನಿಲ್ಲಬೇಕು. ಮೇಲೆ ಕಪ್ಪು ಪಟ್ಟೆ ಬರೆಯುವವರು ಗಂಟೆಗಟ್ಟಲೆ ಹೊತ್ತು ತೆಗೆದುಕೊಳ್ಳುತ್ತಾರೆ. ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಆಮೇಲೆ ಉರಿಯುವ ಮೈಯಲ್ಲೇ ದಿನವಿಡೀ ಕುಣಿತ. ಬಲವಿದ್ದವರು ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಇದು ಬಹುಮಟ್ಟಿಗೆ ದುಡಿಯುವ ಮನೆಗಳ ಹುಡುಗರ ಹಬ್ಬ. ವರ್ಷವಿಡೀ ಯಾರೂ ಕಣ್ಣೆತ್ತಿ ನೋಡದವನಿಗೆ ಆ ಒಂದು ದಿನ ಊರೇ ದಾರಿ ಬಿಡುತ್ತದೆ.

ಹುಲಿಗಳ ನಡುವೆ ರಿಚ್ಚಿ ಹೆಜ್ಜೆ ಹಾಕುವ ದೃಶ್ಯಕ್ಕೆ ಅಷ್ಟು ಬಿಸಿ ಬಂದಿರುವುದು ಈ ಕಾರಣಕ್ಕೆ. ನಾಯಕನ ಹಿಂದೆ ಸಾಲಾಗಿ ಕುಣಿಯುವ ಸಿನಿಮಾ ನರ್ತಕರ ಹೆಜ್ಜೆ ಅದಲ್ಲ. ತಾಸೆ, ಡೋಲಿನ ಪೆಟ್ಟು ಕೇಳುತ್ತಲೇ ಬೆಳೆದ ಹುಡುಗನ ಮೈಯಲ್ಲಿ ತಾನಾಗಿ ಏಳುವ ಹೆಜ್ಜೆ. ಆ ಕುಣಿತದಲ್ಲಿ ರಿಚ್ಚಿಯ ಜಂಬವೂ ಕಾಣುತ್ತದೆ, ಅವನಿಂದ ಯಾರೋ ಕಿತ್ತುಕೊಂಡ ಬಾಲ್ಯವೂ ಕಾಣುತ್ತದೆ. ಸಂಭಾಷಣೆ ಇಲ್ಲದೆ ಒಂದು ಪಾತ್ರವನ್ನು ಇಷ್ಟು ತಿಳಿಸಿಕೊಟ್ಟದ್ದರಲ್ಲಿ ಬಿ. ಅಜನೀಶ್ ಲೋಕನಾಥ್ ಅವರ ಸಂಗೀತಕ್ಕೆ ದೊಡ್ಡ ಪಾಲಿದೆ.

ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಮುದ್ರಿಸಿಕೊಳ್ಳುವ ಸಿಂಕ್ ಸೌಂಡ್ ಬಳಸಿದ್ದು ಇನ್ನೊಂದು ಸಾಹಸ. ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವುದೇ ರೂಢಿಯಾಗಿದ್ದ ಕನ್ನಡದಲ್ಲಿ ಆಗ ಇದು ಅಪರೂಪ. ಕಾಗೆಗಳ ಕೂಗು, ಬೋಟಿನ ಎಂಜಿನ್, ಬಂದರಿನ ಗಲಾಟೆ ಎಲ್ಲದರ ನಡುವೆ ಪಾತ್ರಗಳು ಮಾತಾಡುತ್ತವೆ. ಅವು ಆಡುವುದು ಉಡುಪಿಯವರ ದಿನನಿತ್ಯದ ಕನ್ನಡ. ಅದಕ್ಕೆ ಮುಂಚೆ ಕರಾವಳಿಯ ಮಾತು ತೆರೆಗೆ ಬರುತ್ತಿದ್ದುದು ಹೆಚ್ಚಾಗಿ ಹಾಸ್ಯಪಾತ್ರಗಳ ಬಾಯಲ್ಲಿ. ಇಲ್ಲಿ ಅದೇ ಮಾತಿನಲ್ಲಿ ತಾಯಿ ಮಗನನ್ನು ಕರೆಯುತ್ತಾಳೆ, ರೌಡಿ ಬೆದರಿಸುತ್ತಾನೆ, ಪ್ರೇಮಿ ತೊದಲುತ್ತಾನೆ. ಯಾರೂ ನಗುವುದಿಲ್ಲ. ತಮ್ಮ ಮನೆಮಾತಿಗೆ ಸಿಕ್ಕ ಈ ಗೌರವವನ್ನು ಕರಾವಳಿಯ ಪ್ರೇಕ್ಷಕರು ಮರೆತಿಲ್ಲ.

ಬೇರೆ ಸಿನಿಮಾಕ್ಕೆ ಬಂದ ಪ್ರೇಕ್ಷಕರು

ಹಾಗಿದ್ದರೆ ಆಗ ಯಾಕೆ ಸೋತಿತು? ಒಂದು ಕಾರಣ ನಿರೀಕ್ಷೆ. ಹಿಂದಿನ ವರ್ಷವಷ್ಟೇ ರಕ್ಷಿತ್ ನಟಿಸಿದ ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ ಭರ್ಜರಿಯಾಗಿ ಗೆದ್ದಿತ್ತು. ರಕ್ಷಿತ್ ಎಂದರೆ ಪಟಪಟನೆ ಪಂಚಿಂಗ್ ಡೈಲಾಗ್ ಹೊಡೆಯುವ ಪ್ರೇಮಿ ಎಂಬ ಚಿತ್ರಣ ಜನರ ಮನಸ್ಸಿನಲ್ಲಿ ಕೂತಿತ್ತು. ಆ ಸಿನಿಮಾದ ನಿರ್ದೇಶಕ ಸುನಿ ಈ ಚಿತ್ರದ ನಿರ್ಮಾಪಕರಲ್ಲಿ ಒಬ್ಬರು. ಅಂಥದ್ದೇ ಇನ್ನೊಂದನ್ನು ಬಯಸಿ ಬಂದವರಿಗೆ ಸಿಕ್ಕಿದ್ದು ಎರಡೂವರೆ ಗಂಟೆಯ, ಹಿಂದುಮುಂದಾಗಿ ಸಾಗುವ ಅಪರಾಧದ ಕಥೆ. ಯಾರ ಪರ ನಿಲ್ಲಬೇಕು ಎಂದು ಚಿತ್ರ ಹೇಳಿಕೊಡುವುದಿಲ್ಲ. ಮೊದಲ ಅಧ್ಯಾಯದಲ್ಲಿ ಸುಮ್ಮನೆ ಹಾದುಹೋದ ಮುಖ ನಾಲ್ಕನೆಯದರಲ್ಲಿ ಮುಖ್ಯವಾಗುತ್ತದೆ. ಮರೆತವರಿಗೆ ಎಳೆ ತಪ್ಪುತ್ತದೆ.

ಚಿತ್ರದಲ್ಲಿ ಕುಂದುಗಳೂ ಇವೆ. ಸ್ಲೋ ಮೋಷನ್ ಹಲವು ಕಡೆ ಅಗತ್ಯಕ್ಕಿಂತ ಹೆಚ್ಚಾಯಿತು. ಎಲ್ಲರ ಕಥೆ ಕೇಳುವ ರೆಜಿನಾಳಿಗೆ ತನ್ನದೇ ಕಥೆ ಇಲ್ಲ. ಯಜ್ಞಾ ಶೆಟ್ಟಿ ಅವರ ಪಾತ್ರ ಮುನ್ನನ ಕಣ್ಣಿಗೆ ಕಂಡಷ್ಟೇ ನಮಗೂ ಕಾಣುತ್ತದೆ. ಎಲ್ಲರ ಕಣ್ಣಿನಿಂದ ನೋಡುವೆನೆಂದು ಹೊರಟ ಚಿತ್ರ ಹೆಂಗಸರ ಕಣ್ಣನ್ನು ಅಷ್ಟಾಗಿ ಬಳಸಿಕೊಳ್ಳಲಿಲ್ಲ ಎಂಬ ಕೊರಗು ಚಿತ್ರವನ್ನು ಪ್ರೀತಿಸುವ ನನಗೂ ಇದೆ. ರತ್ನಕ್ಕನಾಗಿ ತಾರಾ ಇಲ್ಲದಿದ್ದರೆ ಆ ಕೊರತೆ ಇನ್ನೂ ಎದ್ದು ಕಾಣುತ್ತಿತ್ತು.

ಥಿಯೇಟರಿನಿಂದ ಇಳಿದ ಮೇಲೆ ಚಿತ್ರಕ್ಕೆ ಎರಡನೇ ಬದುಕು ಸಿಕ್ಕಿತು. ಟಿವಿಯಲ್ಲಿ, ಲ್ಯಾಪ್‌ಟಾಪಿನಲ್ಲಿ, ಹಾಸ್ಟೆಲ್ ರೂಮುಗಳಲ್ಲಿ ಅರ್ಥವಾಗದ ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ ನೋಡಲು ಸಾಧ್ಯವಾಯಿತು. ಎರಡನೇ ಸಲ ನೋಡುವವರಿಗೆ ಇದು ಬೇರೆಯೇ ಚಿತ್ರ. ಯಾವ ಮಾತು ಯಾವುದಕ್ಕೆ ಗಂಟು ಹಾಕಿದೆ ಎಂದು ತಿಳಿಯುತ್ತ ಹೋದಂತೆ ಮೊದಲು ಬೇಸರ ತರಿಸಿದ ನಿಧಾನವೇ ಹಿಡಿಸತೊಡಗುತ್ತದೆ. ಅಜನೀಶ್ ಅವರ ಹುಲಿವೇಷದ ಸಂಗೀತ ಕಾಲೇಜು ವೇದಿಕೆಗಳನ್ನು ಏರಿತು. 2017ರಲ್ಲಿ ಈ ಚಿತ್ರ ನಿವಿನ್ ಪೌಲಿ ನಾಯಕರಾಗಿ ‘ರಿಚ್ಚಿ’ ಹೆಸರಿನಲ್ಲಿ ತಮಿಳಿಗೂ ಹೋಯಿತು. ಅಲ್ಲಿ ಅದು ಗೆಲ್ಲಲಿಲ್ಲ. ಕಥೆಯ ಹಂದರವನ್ನು ಬೇರೆ ಕಡಲತೀರಕ್ಕೆ ಒಯ್ಯಬಹುದು, ಮಲ್ಪೆಯ ಅಷ್ಟಮಿಯನ್ನು ಒಯ್ಯುವುದು ಕಷ್ಟ.

ಈ ಚಿತ್ರದ ತಂಡವೂ ಕರಾವಳಿಯ ಇತರರೂ ಆಮೇಲೆ ಮಾಡಿದ್ದನ್ನು ನೋಡಿದರೆ ಇದರ ಫಲ ಎಷ್ಟು ದೂರ ಹಬ್ಬಿತು ಎಂದು ತಿಳಿಯುತ್ತದೆ. ರಿಷಬ್ ನಿರ್ದೇಶಿಸಿ ರಕ್ಷಿತ್ ನಟಿಸಿದ ‘ಕಿರಿಕ್ ಪಾರ್ಟಿ’ (2016) ದೊಡ್ಡ ಗೆಲುವಾಯಿತು. ಸಂಕಲನಕಾರ ಸಚಿನ್ ರವಿ ‘ಅವನೇ ಶ್ರೀಮನ್ನಾರಾಯಣ’ (2019) ನಿರ್ದೇಶಿಸಿದರು, ಛಾಯಾಗ್ರಾಹಕ ಕರಮ್ ಚಾವ್ಲಾ ಅಲ್ಲೂ ಕ್ಯಾಮೆರಾ ಹಿಡಿದರು. ರಾಜ್ ಬಿ. ಶೆಟ್ಟಿ ‘ಗರುಡ ಗಮನ ವೃಷಭ ವಾಹನ’ದಲ್ಲಿ (2021) ಮಂಗಳೂರಿನ ಮಂಗಳಾದೇವಿಯ ರೌಡಿಗಳ ಕಥೆ ಹೇಳಿದಾಗ ಪ್ರೇಕ್ಷಕರು ಅದನ್ನು ಥಿಯೇಟರಿನಲ್ಲೇ ಗೆಲ್ಲಿಸಿದರು. ಮರುವರ್ಷ ರಿಷಬ್ ಮತ್ತು ಅಜನೀಶ್ ಸೇರಿದ ‘ಕಾಂತಾರ’ ದೇಶವನ್ನೇ ಸುತ್ತಿತು. ಒಂದು ಊರನ್ನು ಅದರ ಮಾತು, ಆಚರಣೆ, ಸಿಟ್ಟಿನ ಸಮೇತ ತೋರಿಸಿದರೂ ಜನ ನೋಡುತ್ತಾರೆ ಎಂಬ ಧೈರ್ಯಕ್ಕೆ 2014ರಲ್ಲೇ ಯಾರೋ ಬೆಲೆ ತೆತ್ತಿದ್ದರು.

ಆ ಬೆಲೆಯ ಮಾತನ್ನು ನಾವು ಸುಲಭವಾಗಿ ಮರೆಯುತ್ತೇವೆ. ‘ಕಲ್ಟ್ ಕ್ಲಾಸಿಕ್’ ಎಂಬ ಪಟ್ಟ ಕಟ್ಟಿದರೆ ನಮ್ಮ ಋಣ ತೀರಿತು ಎಂದುಕೊಳ್ಳುತ್ತೇವೆ. ತಡವಾಗಿ ಬಂದ ಪ್ರೀತಿಯಿಂದ ನಿರ್ಮಾಪಕರ ಸಾಲ ತೀರುವುದಿಲ್ಲ. ಮೊದಲ ಮೂರು ದಿನದ ಗಳಿಕೆ ನೋಡಿ ಸೋಮವಾರದ ಹೊತ್ತಿಗೆ ಷೋ ಕಡಿಮೆ ಮಾಡುವ ವ್ಯವಸ್ಥೆಯಲ್ಲಿ ಎರಡನೇ ಸಲ ನೋಡಿದಾಗ ತೆರೆದುಕೊಳ್ಳುವ ಸಿನಿಮಾಕ್ಕೆ ಉಸಿರಾಡಲೂ ಜಾಗವಿಲ್ಲ. ಈ ವಾರವೂ ಯಾವುದೋ ಊರಿನ ಹುಡುಗರು ತಮ್ಮ ಕೇರಿಯ ಕಥೆಯನ್ನು ತಮ್ಮದೇ ಮಾತಿನಲ್ಲಿ ಹೇಳಿ ಒಂದೋ ಎರಡೋ ಪರದೆ ಹಿಡಿದುಕೊಂಡು ನಿಂತಿರುತ್ತಾರೆ. ಅಂಥ ಚಿತ್ರಕ್ಕೆ ಮೊದಲ ವಾರವೇ ಟಿಕೆಟ್ ಕೊಳ್ಳೋಣ. ಅರ್ಥವಾಗದಿದ್ದರೆ ಜಗಳ ಆಡೋಣ, ಹಿಡಿಸದಿದ್ದರೆ ಹಾಗೆಂದು ಹೇಳೋಣ. ಆದರೆ ಆ ತೀರ್ಪು ಥಿಯೇಟರಿನ ಒಳಗೆ ಕೂತು ಕೊಟ್ಟದ್ದಾಗಿರಲಿ.