ಮನ್ಯಾಗ ಕೇಳಿ ಬರ್ತೀನ್ರಿ

ಗೋಬಿ ಮಂಚೂರಿಗೆ ಹಾಕುವ ವಿನೆಗರ್ ಗರ್ಭಕೊರಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚುತ್ತದೆಂದು ಓದಿದ್ದೆ. ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರ ತಪಾಸಣಾ ಶಿಬಿರದಲ್ಲಿ ಪರದೆಯ ಈಚೆ ಕೂತ ಮೇಲೆ ಅದರ ಹುಚ್ಚೇ ಹಿಡಿಯಿತು. ಶೇ 3ರಿಂದ 5ರಷ್ಟು ಅಸಿಟಿಕ್ ಆಮ್ಲ, ಹತ್ತಿ, ಒಳ್ಳೆಯ ಬೆಳಕು, ಇಷ್ಟೇ ಸಾಮಾನು. ಸವರಿ ಒಂದು ನಿಮಿಷ ಕಾದರೆ ದಾರಿ ತಪ್ಪಿದ ಜೀವಕೋಶಗಳು ಬೆಳ್ಳಗಾಗುತ್ತವೆ. 1925ರಲ್ಲಿ ಕಾಲ್ಪೊಸ್ಕೋಪ್ ರೂಪಿಸಿದ ಜರ್ಮನಿಯ ಹಿನ್ಸೆಲ್ಮನ್ ಮುಂದೆ ಬಳಕೆಗೆ ತಂದ ಉಪಾಯವಿದು.

“ಒಂದ್ ನಿಮಿಷದ ಕೆಲ್ಸ ಅಕ್ಕಾ, ಸೂಜಿ ಇಲ್ಲ” ಎಂದರು ಆಶಾ ಕಾರ್ಯಕರ್ತೆ. “ಮನ್ಯಾಗ ಕೇಳಿ ಬರ್ತೀನ್ರಿ” ಎಂದು ಆ ಮಹಿಳೆ ಎದ್ದು ಹೋದರು. ಹಿಂದೆಯೇ ಇನ್ನೊಬ್ಬರು ಸರ್ರನೆ ಒಳಗೆ ನಡೆದರು. ಅವರ ಅತ್ತೆಯೇ ಕಳಿಸಿದ್ದರಂತೆ. ಆಶಾ ಅಕ್ಕ ಈಗೀಗ ಸೊಸೆಯನ್ನು ಬಿಟ್ಟು ಮೊದಲು ಅತ್ತೆಯ ಕಟ್ಟೆಗೇ ಹೋಗಿ ಕೂರುತ್ತಾರೆ. ಜಾಗೃತಿ ಭಿತ್ತಿಪತ್ರಗಳಿಗಿಂತ ಈ ಬುದ್ಧಿ ದೊಡ್ಡದೆಂಬುದು ನನ್ನ ಅಂದಾಜು.

ವಿನೆಗರ್‌ನ ಪುರಾವೆ ಮಾತ್ರ ತಕರಾರಿನದು. ಟಾಟಾ ಮೆಮೋರಿಯಲ್ ಆಸ್ಪತ್ರೆ ಮುಂಬೈ ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನದಲ್ಲಿ, ಹತ್ತನೇ ತರಗತಿ ಓದಿದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಸಾವನ್ನು ಶೇ 31ರಷ್ಟು ತಗ್ಗಿಸಿದ್ದು 2013ರ ಸುದ್ದಿ. ಆದರೆ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ 2009ರ ವರದಿಯಲ್ಲಿ ಒಂದೇ ಸಲದ ವಿನೆಗರ್ ತಪಾಸಣೆ ಸಾವನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ. ಈ ಕ್ಯಾನ್ಸರ್ ತರುವ ವೈರಾಣುವನ್ನು ಹುಡುಕುವ ಎಚ್‌ಪಿವಿ ಪರೀಕ್ಷೆ ಒಂದೇ ಸಲಕ್ಕೆ ಅದನ್ನು ಸುಮಾರು ಅರ್ಧಕ್ಕಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಒಲವೂ ಈಗ ಎಚ್‌ಪಿವಿ ಕಡೆಗೇ. ಆದರೂ ನನ್ನ ಪಕ್ಷಪಾತ ವಿನೆಗರ್‌ಗೇ: ಉತ್ತರ ಅಲ್ಲೇ ಸಿಗುತ್ತದೆ, ಬೆಳ್ಳಗಾದ ಭಾಗ ಚಿಕ್ಕದಿದ್ದರೆ ಎಷ್ಟೋ ಕಡೆ ಅಂದೇ ಸುಟ್ಟೋ ಹೆಪ್ಪುಗಟ್ಟಿಸಿಯೋ ಕಳಿಸಬಹುದು. ಮನೆಗೆ ಹೋಗಿ ಎರಡನೇ ಸಲ ಒಪ್ಪಿಗೆ ಕೇಳುವ ಪ್ರಮೇಯವಿಲ್ಲ.

ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಗೆ ಕಳಿಸಬೇಕಾದಾಗ ಲೆಕ್ಕವೇ ಬೇರೆ. ಅಲ್ಲಿನ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಹುಬ್ಬಳ್ಳಿ, ಮುಂಬೈ ಎಂದು ಅಲೆಯುತ್ತಿದ್ದವರಿಗೆ ಚಿಕಿತ್ಸೆ ಹತ್ತಿರವಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸೂ ಪುಕ್ಕಟೆ. ಜೊತೆಗೆ ಬರುವ ಗಂಡನಿಗೆ ಟಿಕೆಟ್ ಉಂಟು, ಅಂದಿನ ಕೂಲಿಯೂ ಹೋಗುತ್ತದೆ. ಆಗ ಭತ್ತದ ನಾಟಿ ಮುಗಿಯಲಿ, ಹಬ್ಬ ಮುಗಿಯಲಿ ಎಂಬ ಮಾತು ಹುಟ್ಟುತ್ತದೆ. ಅದನ್ನು ಅಜ್ಞಾನ ಎಂದು ಬರೆಯುವವರು ಒಂದು ದಿನದ ಕೂಲಿ ಬಿಟ್ಟು ನೋಡಲಿ.

ಇನ್ನು ಎಚ್‌ಪಿವಿ ಪರೀಕ್ಷೆಗಾದರೆ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದು. ನಾಚಿಕೆಯ ತೊಡಕು ಅಲ್ಲಿಗೆ ಮುಗಿಯುತ್ತದೆ. ಫಲಿತಾಂಶ ಬರುವುದು ಮಾತ್ರ ಆಮೇಲೆ, ಫೋನಿಗೆ. ಶಿಬಿರದ ವಹಿಯಲ್ಲಿ ನಾನು ಕಂಡ ಮೊಬೈಲ್ ಸಂಖ್ಯೆಗಳಲ್ಲಿ ಹೆಚ್ಚಿನವು ಗಂಡಂದಿರವು.