ಬಡೇ ಮಲಿಕನ ಕರಿಕಲ್ಲು

ಹೈದರಾಬಾದಿನ ಗೋಲ್ಕೊಂಡ ಕೋಟೆಯ ಬಂಜಾರಾ ದರ್ವಾಜ ದಾಟಿ ಒಂದು ಕಿಲೋಮೀಟರಿನಷ್ಟು ನಡೆದರೆ ಇಬ್ರಾಹಿಂಬಾಗ್. ಬೆಳಗಿನ ಬಿಸಿಲು ಇನ್ನೂ ಹಿತವಾಗಿರುವಾಗಲೇ ತೋಟದ ಕೆಲಸದವರು ಉದುರಿದ ಎಲೆ ಗುಡಿಸುತ್ತಿರುತ್ತಾರೆ. ಕಡ್ಡಿಪೊರಕೆಯ ಸರಸರ, ಗಿಳಿಗಳ ಗಲಾಟೆ, ರಸ್ತೆಯ ಕಡೆಯಿಂದ ಆಟೋಗಳ ಹಾರನ್ನು, ಇವನ್ನೆಲ್ಲ ಹೊರಗೇ ಬಿಟ್ಟು ಗೋಲ್ಕೊಂಡವನ್ನಾಳಿದ ಸುಲ್ತಾನ್ ಕುಲಿ ಕುತ್ಬ್ ಶಾಹನ ಗುಮ್ಮಟದೊಳಗೆ ಕಾಲಿಟ್ಟರೆ ಕೇಳುವುದು ನಮ್ಮದೇ ಹೆಜ್ಜೆಯ ಸದ್ದು. ಮೂಗಿಗೆ ಸುಣ್ಣದ ಗಾರೆಯ ತಂಪು, ಅದರ ಜೊತೆಗೆ ಪಾರಿವಾಳದ ಹಿಕ್ಕೆಯ ಘಾಟು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನಟ್ಟನಡುವೆ ಗೋರಿ ಕಾಣುತ್ತದೆ: ಈಗಷ್ಟೇ ಎಣ್ಣೆ ಒರೆಸಿದಂತೆ ಹೊಳೆಯುವ ಕಪ್ಪು ಬಸಾಲ್ಟ್ ಕಲ್ಲು.

ಎದುರಿನಿಂದ ಬೆಳಕು ಬಿಟ್ಟರೆ ಆ ಹೊಳಪೇ ಕಣ್ಣಿಗೆ ಹೊಡೆದು ಒಂದಕ್ಷರವೂ ದಕ್ಕುವುದಿಲ್ಲ. ಶಾಸನ ಓದುವವರು ಬ್ಯಾಟರಿಯನ್ನು ಪಕ್ಕಕ್ಕೆ, ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಾರೆ. ಆಗ ಮೂರು ಪಟ್ಟಿಗಳಲ್ಲಿ ಅರಬ್ಬಿಯ ನಸ್ಖ್ ಲಿಪಿ ತನ್ನ ನೆರಳಿನಿಂದಲೇ ತೋರಿಕೊಳ್ಳುತ್ತದೆ. ಜನ ಸುಲ್ತಾನ್ ಕುಲಿಯನ್ನು ಅಕ್ಕರೆಯಿಂದ ಕರೆಯುತ್ತಿದ್ದ ‘ಬಡೇ ಮಲಿಕ್’ ಎಂಬ ಹೆಸರು ಇಲ್ಲಿದೆ. ಹಿಜರಿ 950, ಅಂದರೆ ನಮ್ಮ ಲೆಕ್ಕದ 1543, ಅವನು ತೀರಿಕೊಂಡ ವರ್ಷ.

ಇಂಥ ಬರಹವನ್ನು ಕಾಗದಕ್ಕೆ ಇಳಿಸಿಕೊಳ್ಳುವ, ಅಂದರೆ ಪಡಿಯಚ್ಚು ತೆಗೆಯುವ, ಕೆಲಸಕ್ಕೆ ಅವಸರ ಒಗ್ಗುವುದಿಲ್ಲ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಸಂದುಗೊಂದಿಗೆಲ್ಲ ಇಳಿಸಿ, ಅದು ಆರುತ್ತಾ ಬಂದಾಗ ಮಸಿ ಒತ್ತಬೇಕು. ನಮ್ಮ ಹಳಗನ್ನಡ ಶಾಸನಗಳಲ್ಲಿ ಅಕ್ಷರವನ್ನು ಕಲ್ಲಿನೊಳಕ್ಕೆ ಕೊರೆದಿರುವುದರಿಂದ ಕಾಗದದ ಮೇಲೆ ಅದು ಕರಿಯ ನಡುವೆ ಬಿಳಿಯಾಗಿ ಮೂಡುತ್ತದೆ. ದಖ್ಖನಿನ ಅರಬ್ಬಿ, ಪಾರಸಿ ಬರಹಗಳಲ್ಲಿ ಹೆಚ್ಚಾಗಿ ಸುತ್ತಲಿನ ಕಲ್ಲನ್ನು ಕೆತ್ತಿ ಅಕ್ಷರವನ್ನು ಉಬ್ಬಾಗಿ ಉಳಿಸುತ್ತಾರೆ. ಅಲ್ಲಿ ಬಿಳಿಯ ಮೇಲೆ ಕರಿ ಅಕ್ಷರ. ಉಬ್ಬಿದ್ದಕ್ಕೆ ಸವೆತವೂ ಬೇಗ.

ಸವೆದ ಕಡೆ ಏನು ಮಾಡುವುದು? ರೋಮಿನ ಅಮೃತಶಿಲೆಯ ಗೋರಿಕಲ್ಲುಗಳನ್ನು ಓದುವವರದೂ ಇದೇ ಪಾಡು. ಒಡೆದ ತುಂಡಿನ ತಲೆಯಲ್ಲಿ ಡಿ, ಎಂ ಎಂಬ ಎರಡಕ್ಷರ ಉಳಿದಿದ್ದರೆ ಸಾಕು, ಪಿತೃದೇವತೆಗಳಿಗೆ ಸಲ್ಲಿಸುವ ‘ಡಿಸ್ ಮಾನಿಬಸ್’ ಎಂದು ಧೈರ್ಯವಾಗಿ ಓದುತ್ತಾರೆ. ಸತ್ತವರ ಹೆಸರಿದ್ದ ಮೂಲೆಯೇ ಮುರಿದಿದ್ದರೆ ಚೌಕ ಕಂಸ ಹಾಕಿ ಖಾಲಿ ಬಿಡುತ್ತಾರೆ. ಥಿಯೋಡೋರ್ ಮಾಮ್ಸೆನ್ 1853ರಲ್ಲಿ ಬರ್ಲಿನ್ನಿನಲ್ಲಿ ಕೈಹಚ್ಚಿದ ಲ್ಯಾಟಿನ್ ಶಾಸನ ಸಂಪುಟಗಳಲ್ಲಿ ಈಗ 1,80,000ಕ್ಕೂ ಹೆಚ್ಚು ಬರಹಗಳಿವೆ; ಅಂಥ ಕಂಸಗಳಿಗೆ ಅಲ್ಲಿ ಲೆಕ್ಕವಿಲ್ಲ. ಗೋಲ್ಕೊಂಡದಲ್ಲೂ ಹಾಗೇ. ಕುರಾನಿನ ವಾಕ್ಯ ಅಳಿಸಿದ್ದರೆ ಅದು ಬಾಯಿಪಾಠವಿದ್ದವರು ತುಂಬಿಕೊಡಬಲ್ಲರು. ಹೆಸರನ್ನೂ ತೇದಿಯನ್ನೂ ಯಾರೂ ತುಂಬಲಾರರು. ಅವು ಅಳಿಯುವ ಮೊದಲೇ ದಾಖಲಾಗಬೇಕು; ಹಾಗಾಗಿಯೇ ಹೈದರಾಬಾದ್ ಸಂಸ್ಥಾನದಲ್ಲಿ 1914ರಲ್ಲಿ ಶುರುವಾದ ಪುರಾತತ್ವ ಇಲಾಖೆಯನ್ನೂ, ಅರಬ್ಬಿ, ಪಾರಸಿ ಶಾಸನಗಳ ಪತ್ರಿಕೆ ‘ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ’ವನ್ನೂ ನಡೆಸಿದ ಗುಲಾಂ ಯಜ್ದಾನಿಯವರ ಮೇಲೆ ನನಗೆ ಅಪಾರ ಗೌರವ.

ಹೊರಗೆ ಬಂದು ಪಕ್ಕದ ಎಂಟುಮೂಲೆಯ, ಎರಡಂತಸ್ತಿನ ಗುಮ್ಮಟಕ್ಕೆ ಹೋದರೆ ಜಮ್‌ಷೀದನ ಗೋರಿ. ತಂದೆ ಸುಲ್ತಾನ್ ಕುಲಿಯನ್ನು ಕೊಲ್ಲಿಸಿದವನೆಂದು ಇತಿಹಾಸಕಾರರು ಹೇಳುವ ಮಗ ಇವನು. ಇಲ್ಲಿ ಕರಿ ಬಸಾಲ್ಟಿಲ್ಲ, ಒಂದು ಸಾಲು ಬರಹವೂ ಇಲ್ಲ. ಇದು ಅವನದೆಂದು ನಂಬಿರುವುದು ಹಿಂದಿನವರ ಮಾತಿನ ಮೇಲೆ. ಇವನ ಭಯಕ್ಕೆ ಓಡಿಹೋದ ತಮ್ಮ ಇಬ್ರಾಹಿಮನ ಗೋರಿಯಲ್ಲಾದರೋ ಸುಲುಸ್ ಎಂಬ ಅರಬ್ಬಿ ಲಿಪಿ ತುಂಬಿದೆ. ವಿಜಯನಗರದ ಕಥೆಯಲ್ಲಿ ಮನಸ್ಸಿರುವ ಕನ್ನಡಿಗರು ಚಾರ್‌ಮಿನಾರಿಗೂ ಮೊದಲು ಇಲ್ಲಿಗೆ ಬರಬೇಕು ಅನ್ನುತ್ತೇನೆ. ಅಳಿಯ ರಾಮರಾಯನ ಆಸರೆಯಲ್ಲಿ ಏಳು ವರ್ಷ ಇದ್ದು, 1550ರಲ್ಲಿ ಮರಳಿ ಗೋಲ್ಕೊಂಡದ ಗದ್ದುಗೆಯೇರಿ, 1565ರಲ್ಲಿ ಅದೇ ರಾಮರಾಯನ ಎದುರು ದಂಡು ಕಟ್ಟಿ ಹೋದವನು ಈ ಇಬ್ರಾಹಿಮನೇ.